ತಟ್ಟೆಯೊಳಗಿನ ಡ್ರಮ್ಮರ್

ಹಿಪ್-ಹಾಪ್ ಹುಟ್ಟಿದ್ದೇ ಡ್ರಮ್ಮರನನ್ನು ಮನೆಗೆ ಕಳಿಸಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದ ಕೆಳಗಿನ ಹಾಲಿನಲ್ಲಿ ಒಂದು ಪಾರ್ಟಿ ನಡೆಯಿತು. ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ನಾಲ್ಕು ಕಾಸು ಕೂಡಿಸಲು ಹುಡುಗಿಯೊಬ್ಬಳು ಏರ್ಪಡಿಸಿದ್ದ ಪಾರ್ಟಿ. ಹಾಡು ಹಾಕಲು ಕೂತವನು ಅವಳ ಅಣ್ಣ, ಜಮೈಕಾದಿಂದ ಬಂದು ಅಲ್ಲಿ ನೆಲೆಸಿದ್ದ ಹದಿನೆಂಟರ ಕ್ಲೈವ್ ಕ್ಯಾಂಪ್‌ಬೆಲ್. ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಕುಣಿಯುವವರು ಹಾಡಿನ ಯಾವ ಭಾಗಕ್ಕೆ ಕಾಯುತ್ತಾರೆ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು. ಗಾಯಕ ಸುಮ್ಮನಾಗಿ, ಗಿಟಾರು, ಸ್ಯಾಕ್ಸೊಫೋನುಗಳೆಲ್ಲ ನಿಂತು, ಡ್ರಮ್ ಒಂದೇ ಉಳಿಯುವ ಕೆಲವೇ ಸೆಕೆಂಡುಗಳಿಗೆ. ಅದಕ್ಕೆ ಬ್ರೇಕ್ ಎನ್ನುತ್ತಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರ ಮುಳ್ಳನ್ನು ಅದೇ ಜಾಗಕ್ಕೆ ತಂದಿಡುತ್ತ ಹೋದರೆ ಹತ್ತು ಸೆಕೆಂಡಿನ ಡ್ರಮ್ಮನ್ನು ಹತ್ತು ನಿಮಿಷ ಎಳೆಯಬಹುದು. ಅವನು ಎಳೆದ. ಜನ ಕುಣಿದರು.

ಆ ಡ್ರಮ್ ಬಾರಿಸಿದ ಮನುಷ್ಯರು ಮಾತ್ರ ಅಲ್ಲಿರಲಿಲ್ಲ. ಅವರಿಗೆ ಸುದ್ದಿಯೂ ಇರಲಿಲ್ಲ, ದುಡ್ಡೂ ಇರಲಿಲ್ಲ. ‘ದ ವಿನ್‌ಸ್ಟನ್ಸ್’ ಎಂಬ ತಂಡದ ಗ್ರೆಗರಿ ಕೋಲ್ಮನ್ 1969ರಲ್ಲಿ ‘ಅಮೆನ್, ಬ್ರದರ್’ ಎಂಬ ಹಾಡಿನ ನಡುವೆ ಬಾರಿಸಿದ ಏಳು ಸೆಕೆಂಡಿನ ತುಣುಕನ್ನು ನಂತರ ಸಾವಿರಾರು ಹಾಡುಗಳು ಕತ್ತರಿಸಿ ಅಂಟಿಸಿಕೊಂಡವು. ಆತನಿಗೆ ರಾಯಧನದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಸಾಯುವಾಗ ಆತನಿಗೆ ಮನೆಯೂ ಇರಲಿಲ್ಲ. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ ‘ಫಂಕಿ ಡ್ರಮ್ಮರ್’ನ ಪಾಡೂ ಹೆಚ್ಚು ಕಡಿಮೆ ಇದೇ. ಗಣೇಶನ ಮೆರವಣಿಗೆಯಲ್ಲಿ ತಮಟೆ, ಡೊಳ್ಳಿನವರು ಇರುತ್ತಿದ್ದ ಜಾಗಕ್ಕೆ ಟ್ರ್ಯಾಕ್ಟರ್ ತುಂಬ ಸೌಂಡ್ ಬಾಕ್ಸ್ ಹೇರಿಕೊಂಡು ಡಿಜೆ ಬಂದು ನಿಂತದ್ದನ್ನು ಕಂಡವರಿಗೆ ಇದು ತೀರ ಹೊಸ ಕಥೆಯಲ್ಲ. ಬ್ರಾಂಕ್ಸಿನಲ್ಲಿ ಒಂದು ವ್ಯಂಗ್ಯ ಹೆಚ್ಚಿಗೆ ಸೇರಿಕೊಂಡಿತ್ತು, ಅಷ್ಟೆ. ಡ್ರಮ್ಮರನ ಜಾಗ ಹಿಡಿದವನ ಕೈಯಲ್ಲಿ ಇದ್ದದ್ದು ಡ್ರಮ್ಮರನದೇ ಪೆಟ್ಟು.

ಹೀಗೆ ಡ್ರಮ್ಮರುಗಳನ್ನು ತಟ್ಟೆಯೊಳಗೆ ಕೂರಿಸಿ ಬೆಳೆದ ಸಂಗೀತದೊಳಕ್ಕೆ ಒಬ್ಬ ನಿಜವಾದ ಡ್ರಮ್ಮರ್, ಕೈಯಲ್ಲಿ ಕೋಲು ಹಿಡಿದುಕೊಂಡೇ ನುಗ್ಗಿ, ಮೂರು ದಶಕ ಅಲ್ಲೇ ಕೂತುಬಿಟ್ಟ. ಆಮೇಲೆ ಡಿಜೆಯೂ ಆದ. ಆತ ಅಹ್ಮೀರ್ ಖಲೀಬ್ ಥಾಮ್ಸನ್. ಜಗತ್ತು ಬಲ್ಲ ಹೆಸರು ಕ್ವೆಸ್ಟ್‌ಲವ್. ‘ದ ರೂಟ್ಸ್’ ತಂಡದ ಡ್ರಮ್ಮರ್, ತಲೆಯ ಮೇಲೆ ದೊಡ್ಡ ಗುಂಗುರು ಕೂದಲ ಗುಡ್ಡೆ, ಅದರಲ್ಲಿ ಸಿಕ್ಕಿಸಿದ ಬಾಚಣಿಗೆ. ಡ್ರಮ್‌ನಿಂದ ಶುರು ಮಾಡಿ ಡಿಜೆ ಆದವರ ಕಥೆಯನ್ನು ‘ಹಳೆಯದನ್ನು ಬಿಟ್ಟು ಹೊಸದಕ್ಕೆ ಏರಿದ’ ಕಥೆಯಾಗಿ ಹೇಳುವುದು ರೂಢಿ. ಈತನ ವಿಷಯದಲ್ಲಿ ಅದು ಸುಳ್ಳು. ಈತ ಏನನ್ನೂ ಬಿಡಲಿಲ್ಲ. ಡಿಜೆಯ ಮೇಜಿನ ಹಿಂದೆ ಕೂತರೂ, ಸಿನಿಮಾ ಸಂಕಲನದ ಪರದೆಯ ಮುಂದೆ ಕೂತರೂ ಡ್ರಮ್ಮರನ ಕೆಲಸವನ್ನೇ ಮಾಡಿದ.

ಹುಟ್ಟಿದ್ದು 1971ರ ಜನವರಿ 20, ಫಿಲಡೆಲ್ಫಿಯಾದಲ್ಲಿ. ಬೆಳೆದದ್ದು ಅದೇ ಊರಿನ ಪಶ್ಚಿಮ ಭಾಗದಲ್ಲಿ. ತಂದೆ ಲೀ ಆಂಡ್ರ್ಯೂಸ್, ‘ಲೀ ಆಂಡ್ರ್ಯೂಸ್ ಆ್ಯಂಡ್ ದ ಹಾರ್ಟ್ಸ್’ ಎಂಬ ಡೂ-ವಾಪ್ ತಂಡದ ಮುಖ್ಯ ಗಾಯಕ. ನಾಲ್ಕೈದು ಗಂಡಸರು ಸೇರಿ ಬಾಯಲ್ಲೇ ವಾದ್ಯಗಳ ಕೆಲಸವನ್ನೂ ಮಾಡುತ್ತ ಪ್ರೇಮಗೀತೆ ಹಾಡುವ ಶೈಲಿ ಅದು. 1957–58ರಲ್ಲಿ ಅವರ ಮೂರು ಹಾಡುಗಳು ದೇಶವನ್ನೆಲ್ಲ ಸುತ್ತಿದವು. ಆಮೇಲೆ ಕಾಲ ಬದಲಾಯಿತು. ಎಪ್ಪತ್ತರ ದಶಕದಲ್ಲಿ ಹಳೆಯ ಹಾಡುಗಳ ಕಾರ್ಯಕ್ರಮಗಳಿಗೆ ಹೊಸ ಗಿರಾಕಿ ಹುಟ್ಟಿ, ತಂದೆ ಮತ್ತೆ ಊರೂರು ತಿರುಗತೊಡಗಿದರು. ತಾಯಿಯೂ ಹಾಡುಗಾರ್ತಿ. ಮಗುವನ್ನು ಯಾರ ಮನೆಯಲ್ಲಾದರೂ ಬಿಟ್ಟು ಹೋಗಲು ಇಬ್ಬರಿಗೂ ಮನಸ್ಸಿಲ್ಲ. ಹಾಗಾಗಿ ಹುಡುಗನೂ ಗಾಡಿ ಹತ್ತಿದ.

ಯಕ್ಷಗಾನ ಮೇಳದ ಚೌಕಿಯಲ್ಲಿ ಬೆಳೆದ ಮಕ್ಕಳನ್ನು ಬಲ್ಲವರಿಗೆ ಈ ಬಾಲ್ಯ ಅರ್ಥವಾದೀತು. ನಿದ್ದೆ ಪೆಟ್ಟಿಗೆಗಳ ನಡುವೆ, ಪಾಠ ರಂಗದ ಪಕ್ಕದಲ್ಲಿ. ಅಂಥ ಮಗು ಕಲೆಯನ್ನು ಮುಂದಿನಿಂದ ನೋಡುವುದಕ್ಕೆ ಮೊದಲು ಹಿಂದಿನಿಂದ ನೋಡಿರುತ್ತದೆ. ಅಹ್ಮೀರ್ ಬಟ್ಟೆಗೆ ಇಸ್ತ್ರಿ ಮಾಡಿದ. ದಾರಿಯ ನಕ್ಷೆ ಹಿಡಿದು ಎಲ್ಲಿ ತಿರುಗಬೇಕೆಂದು ಹೇಳಿದ. ಬಣ್ಣದ ಹಾಳೆ ಕತ್ತರಿಸಿ ದೀಪಗಳಿಗೆ ಹಚ್ಚಿ ರಂಗದ ಬೆಳಕು ನೋಡಿಕೊಂಡ. ಏಳರ ವಯಸ್ಸಿಗೆ ವೇದಿಕೆಯ ಮೇಲೆ ಡ್ರಮ್ ಬಾರಿಸುತ್ತಿದ್ದ. ಹನ್ನೆರಡರ ಆಸುಪಾಸಿನಲ್ಲಿ ಒಂದು ದಿನ ತಂಡದ ಮಾಮೂಲಿ ಡ್ರಮ್ಮರ್ ಬರಲಾಗಲಿಲ್ಲ. ಅವತ್ತಿನ ಕಾರ್ಯಕ್ರಮವೋ ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನಲ್ಲಿ. ಆರು ಸಾವಿರ ಜನ ಕೂರುವ ಸಭಾಂಗಣ. ಹುಡುಗನಿಗೆ ಎಲ್ಲ ಹಾಡೂ ಬಾಯಿಪಾಠ. ಕೂರಿಸಿದರು, ಬಾರಿಸಿದ. ಹದಿಮೂರಕ್ಕೆಲ್ಲ ಅಪ್ಪನ ತಂಡದ ಸಂಗೀತ ನಿರ್ದೇಶಕ.

ಆತನ ಮುಂದಿನ ಬದುಕಿನ ಬಹುಪಾಲು ಈ ಹಳೆಯ ಹಾಡಿನ ತಿರುಗಾಟದಲ್ಲೇ ತೀರ್ಮಾನವಾಯಿತೆಂದು ನನಗೆ ಅನ್ನಿಸುತ್ತದೆ. ಡೂ-ವಾಪ್‌ನಲ್ಲಿ ಡ್ರಮ್ಮರ್ ಮೆರೆಯುವ ಹಾಗಿಲ್ಲ. ಮುಂದೆ ನಿಂತ ನಾಲ್ವರ ಉಸಿರಿಗೆ ಅಡ್ಡ ಬಾರದಂತೆ, ಕೇಳುವವರಿಗೆ ಗೊತ್ತೇ ಆಗದಂತೆ ಹಾಡನ್ನು ಹೊತ್ತು ಸಾಗಬೇಕು. ಅಲ್ಲಿಗೆ ಬಂದವರು ಹೊಸದನ್ನು ಕೇಳಲು ಬಂದವರೂ ಅಲ್ಲ. ಇಪ್ಪತ್ತು ವರ್ಷದ ಹಿಂದಿನ ರೆಕಾರ್ಡ್ ಹೇಗಿತ್ತೋ ಹಾಗೆಯೇ ಬೇಕು ಅವರಿಗೆ. ಕೈಚಳಕ ತೋರಿಸಬೇಕಾದ ವಯಸ್ಸಿನಲ್ಲಿ ಹುಡುಗ ಕಲಿತದ್ದು ಜೀವಂತ ಮನುಷ್ಯ ರೆಕಾರ್ಡಿನ ಹಾಗೆ ಬಾರಿಸುವುದನ್ನು. ಆ ಕಲಿಕೆಗೆ ಎಂಥ ಬೆಲೆ ಬರಲಿದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಮನೆಯಲ್ಲಿ ರೆಕಾರ್ಡುಗಳಿಗೆ ಬರವಿರಲಿಲ್ಲ. ಟಿವಿಯಲ್ಲಿ ‘ಸೋಲ್ ಟ್ರೈನ್’ ನೃತ್ಯ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಆಲ್ಬಮ್ ವಿಮರ್ಶೆಗಳನ್ನು ಕತ್ತರಿಸಿ ಮಲಗುವ ಕೋಣೆಯ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದ. ಆ ಹುಚ್ಚು ಎಲ್ಲಿಗೆ ಹೋಯಿತೆಂದರೆ, ದೊಡ್ಡವನಾಗಿ ತನ್ನದೇ ಆಲ್ಬಮ್ ಮಾಡುವಾಗ ಅದು ಮುಗಿಯುವ ಮೊದಲೇ ಅದಕ್ಕೆ ಬರಬಹುದಾದ ವಿಮರ್ಶೆಯನ್ನು ತಾನೇ ಬರೆದಿಟ್ಟುಕೊಳ್ಳುವಷ್ಟು. ಈ ನಡುವೆ ತಂದೆ ತಾಯಿ ಕಟ್ಟಾ ಧಾರ್ಮಿಕರಾದರು. ಗಾಯಕ ಪ್ರಿನ್ಸ್‌ನ ‘1999’ ಆಲ್ಬಮ್ ಮನೆಯೊಳಗೆ ಬರುವಂತಿಲ್ಲ ಎಂದಾಯಿತು. ಹುಡುಗ ಕೊಂಡು ತರುವುದು, ಅವರು ಎಸೆಯುವುದು, ಅವನು ಮತ್ತೆ ಕೊಳ್ಳುವುದು. ಈ ಪ್ರಿನ್ಸ್ ಮುಂದೆ ಇದೇ ಲೇಖನದಲ್ಲಿ ಇನ್ನೊಮ್ಮೆ ಬರುತ್ತಾನೆ, ಅಪ್ಪ ಅಮ್ಮನಿಗಿಂತ ಕಠಿಣವಾಗಿ.

1979ರ ಒಂದು ರಾತ್ರಿ, ಎಂಟು ವರ್ಷದ ಅಹ್ಮೀರ್ ಅಕ್ಕನ ಜೊತೆ ಪಾತ್ರೆ ತೊಳೆಯುತ್ತ ಕದ್ದು ರೇಡಿಯೊ ಕೇಳುತ್ತಿದ್ದ. ಅಜ್ಜಿಯ ಗಡಿಯಾರದ ರೇಡಿಯೊ. ‘ಶಿಕ್’ ತಂಡದ ‘ಗುಡ್ ಟೈಮ್ಸ್’ ಶುರುವಾಯಿತು ಎಂದುಕೊಂಡರೆ, ಹಾಡುವ ಬದಲು ಯಾರೋ ಪ್ರಾಸ ಹಾಕಿ ಮಾತಾಡತೊಡಗಿದರು. ಅದು ‘ಶುಗರ್‌ಹಿಲ್ ಗ್ಯಾಂಗ್’ನ ‘ರ‍್ಯಾಪರ್ಸ್ ಡಿಲೈಟ್’. ರ‍್ಯಾಪ್ ಎಂಬುದೊಂದಿದೆ ಎಂದು ಅಮೆರಿಕದ ಮನೆಮನೆಗೆ ಗೊತ್ತು ಮಾಡಿದ ರೆಕಾರ್ಡ್. ಆ ಇಡೀ ಪೀಳಿಗೆಯ ಜನ್ಮಾಂತರದ ಕ್ಷಣ ಅದು. ಆದರೆ ಈ ಘಟನೆಯಲ್ಲಿ ನನ್ನ ಗಮನ ಸೆಳೆಯುವುದು ಬೇರೊಂದು ಸಂಗತಿ. ಆ ರೆಕಾರ್ಡಿನಲ್ಲಿ ಟರ್ನ್‌ಟೇಬಲ್ ಬಳಸಿ ಶಿಕ್ ಹಾಡನ್ನು ಎತ್ತಿಕೊಂಡಿರಲಿಲ್ಲ. ಸ್ಟುಡಿಯೊದಲ್ಲಿ ವಾದ್ಯಗಾರರನ್ನು ಕೂರಿಸಿ, ಅದೇ ಬೇಸ್, ಅದೇ ತಾಳವನ್ನು ಮತ್ತೆ ನುಡಿಸಿ ಮುದ್ರಿಸಿದ್ದರು. ಬೀದಿಯಲ್ಲಿ ಡಿಜೆಗಳು ಕಟ್ಟಿದ್ದನ್ನು ತಟ್ಟೆಗೆ ಇಳಿಸುವಾಗ ವಾದ್ಯಗಾರರೇ ಬೇಕಾಗಿದ್ದರು, ಅವರು ಡಿಜೆಯ ಹಾಗೆ ನುಡಿಸಬೇಕಾಗಿತ್ತು. ಸದ್ದಿನ ತುಣುಕನ್ನು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಅಗ್ಗವಾಗಿ ಕೈಗೆ ಬರುವವರೆಗೆ ಹೀಗೇ ನಡೆಯಿತು. ಮೂಲ ರೆಕಾರ್ಡ್ ಎಂದುಕೊಂಡು ಮೋಸಹೋದ ಆ ಕಿವಿಯ ಒಡೆಯ ಮುಂದೆ ಬೇರೆಯವರ ಕಿವಿಗೆ ಅದೇ ಮೋಸ ಮಾಡುವುದನ್ನು ಕಸುಬು ಮಾಡಿಕೊಂಡ.

ಸ್ಯಾಂಪ್ಲಿಂಗ್ ಅಂದರೇನೆಂದು ಆತನಿಗೆ ತೋರಿಸಿದ್ದೂ ಟಿವಿಯೇ. 1986ರಲ್ಲಿ ‘ಕಾಸ್ಬಿ ಶೋ’ ಧಾರಾವಾಹಿಯ ಒಂದು ಕಂತಿನಲ್ಲಿ ಗಾಯಕ ಸ್ಟೀವಿ ವಂಡರ್ ಬಂದು, ಮನೆಯ ಮಕ್ಕಳು ಆಡಿದ ಮಾತನ್ನು ಯಂತ್ರದಲ್ಲಿ ಹಿಡಿದು ಕೀಲಿಮಣೆಯ ಮೇಲೆ ನುಡಿಸಿ ತೋರಿಸಿದರು. ಅಮೆರಿಕದ ಹಿಪ್-ಹಾಪ್ ನಿರ್ಮಾಪಕರ ಒಂದು ಇಡೀ ತಲೆಮಾರು ಆ ರಾತ್ರಿಯನ್ನು ನೆನೆಯುತ್ತದೆ.

ಫಿಲಡೆಲ್ಫಿಯಾದಲ್ಲಿ ಕಲೆಗೆಂದೇ ಇರುವ ಸರ್ಕಾರಿ ಹೈಸ್ಕೂಲೊಂದಿದೆ. ಎಂಬತ್ತರ ದಶಕದ ಕೊನೆಗೆ ಅಲ್ಲಿ ಓದುತ್ತಿದ್ದವರ ಪಟ್ಟಿ ನೋಡಿದರೆ ಯಾರೋ ಕಟ್ಟಿದ ಕಥೆ ಅನ್ನಿಸಬೇಕು. ಜಾಝ್ ಬೇಸ್‌ನ ಕ್ರಿಶ್ಚಿಯನ್ ಮೆಕ್‌ಬ್ರೈಡ್, ಆರ್ಗನ್‌ನ ಜೋಯಿ ಡಿಫ್ರಾನ್ಸೆಸ್ಕೊ, ‘ಬಾಯ್ಝ್ ಟು ಮೆನ್’ನ ಹುಡುಗರು, ಎಲ್ಲರೂ ಅಲ್ಲೇ. ಚಿತ್ರಕಲೆ ಕಲಿಯಲು ಬಂದಿದ್ದ ತಾರಿಕ್ ಟ್ರಾಟರ್ ಎಂಬ ಹುಡುಗನಿಗೆ ಊಟದ ಬಿಡುವಿನಲ್ಲಿ ಪ್ರಾಸ ಕಟ್ಟಿ ಎದುರಾಳಿಯನ್ನು ಮಣಿಸುವ ಚಟ. ಅವನಿಗೆ ಬೀಟ್ ಬೇಕು, ಇವನಲ್ಲಿ ಡ್ರಮ್ ಇದೆ. ಬೇರೆ ರ‍್ಯಾಪರ್‌ಗಳ ಹಿಂದೆ ಎರಡು ಟರ್ನ್‌ಟೇಬಲ್ ಇರುತ್ತಿದ್ದವು. ಇವರಿಗೆ ಅದನ್ನು ಕೊಳ್ಳುವ ಗತಿಯೂ ಇರಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ಜನಪ್ರಿಯ ಹಾಡುಗಳ ಬ್ರೇಕನ್ನು ಅಹ್ಮೀರ್ ಕೈಯಲ್ಲೇ ಬಾರಿಸುತ್ತಿದ್ದ, ತಾರಿಕ್ ಅದರ ಮೇಲೆ ಹಾರುತ್ತಿದ್ದ. ಶಾಲೆ ಬಿಟ್ಟ ಮೇಲೆ ಸೌತ್ ಸ್ಟ್ರೀಟಿನ ಮೂಲೆಯಲ್ಲಿ ಡ್ರಮ್ ಹಾಕಿಕೊಂಡು ಕೂತರು. ನಿಂತು ಕೇಳಿದವರು ಕಾಸು ಹಾಕಿ ಹೋದರು. ತಾರಿಕ್ ಬ್ಲ್ಯಾಕ್ ಥಾಟ್ ಆದ, ‘ಸ್ಕ್ವೇರ್ ರೂಟ್ಸ್’ ಎಂದಿದ್ದ ತಂಡದ ಹೆಸರು ‘ದ ರೂಟ್ಸ್’ ಆಯಿತು. 1993ರಲ್ಲಿ ಜರ್ಮನಿಯ ಕಾರ್ಯಕ್ರಮಕ್ಕೆ ಹೋಗುವಾಗ ಅಲ್ಲಿ ಮಾರಲು ಕೈಯಲ್ಲೇನಾದರೂ ಇರಲೆಂದು ತಾವೇ ‘ಆರ್ಗನಿಕ್ಸ್’ ಎಂಬ ಆಲ್ಬಮ್ ತಂದರು.

1995ರ ಜನವರಿಯಲ್ಲಿ ದೊಡ್ಡ ಕಂಪನಿಯಿಂದ ಬಂದ ಆಲ್ಬಮ್ಮಿನ ಹೆಸರು ‘ಡು ಯು ವಾಂಟ್ ಮೋರ್’. ಹಿಪ್-ಹಾಪ್ ಲೋಕ ಇದನ್ನು ಅನುಮಾನದಿಂದಲೇ ನೋಡಿತು. ಬ್ಯಾಂಡ್ ಇಟ್ಟುಕೊಂಡು ರ‍್ಯಾಪ್ ಮಾಡುವುದೆಂದರೆ ಜಾಝ್‌ನ ಮರ್ಯಾದೆಗೆ ಆಸೆಪಟ್ಟ ಹಾಗೆ, ಬೀದಿಯನ್ನು ಬಿಟ್ಟ ಹಾಗೆ. ತಂಡದಲ್ಲಿ ಡಿಜೆಯೇ ಇಲ್ಲ! ಆ ಕೊರತೆ ತುಂಬಲು ಅವರು ಕಂಡುಕೊಂಡ ಉಪಾಯ ಕೇಳಿದರೆ ನಗು ಬರುತ್ತದೆ. ಬಾಯಲ್ಲೇ ಡ್ರಮ್ ನುಡಿಸುವ ರಹ್‌ಝೆಲ್ ಬಂದ. ಅವನ ಹಿಂದೆಯೇ ‘ಸ್ಕ್ರ್ಯಾಚ್’ ಎಂಬಾತ ಬಂದ. ಆತನ ವಿದ್ಯೆ ಎಂದರೆ ಟರ್ನ್‌ಟೇಬಲ್ ಮೇಲೆ ತಟ್ಟೆ ಉಜ್ಜಿದಾಗ ಬರುವ ಸದ್ದನ್ನು ನಾಲಿಗೆ ತುಟಿಗಳಲ್ಲಿ ತೆಗೆಯುವುದು. ಮನುಷ್ಯರು ಯಂತ್ರದ ವೇಷ ಹಾಕಿಕೊಂಡ ಮೇಳ ಅದು.

ಕ್ವೆಸ್ಟ್‌ಲವ್ ಡ್ರಮ್ಮಿನ ಗುಟ್ಟೂ ಇದೇ. ಡ್ರಮ್ ಎಷ್ಟು ಸಾಧ್ಯವೋ ಅಷ್ಟು ದೊಡ್ಡದಾಗಿ, ಹೊಳೆಯುವಂತೆ ಕೇಳಿಸಬೇಕು ಎಂಬುದು ಎಂಬತ್ತರ ದಶಕದ ಸ್ಟುಡಿಯೊ ಧರ್ಮ. ಈತನಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಮಂಕಾದ, ಒಣಕಲಾದ, ಅರವತ್ತರ ದಶಕದ ರೆಕಾರ್ಡಿನ ಮೂಲೆಯಿಂದ ಹೆರೆದು ತೆಗೆದಂಥ ಸದ್ದು. ಒಂದು ಬೀಟ್ ಹಿಡಿದರೆ ಹಾಡು ಮುಗಿಯುವವರೆಗೆ ಅದೇ ಬೀಟ್. ನಡುವೆ ಉರುಳಿಕೆ ಇಲ್ಲ, ತೀರ್ಮಾನ ಇಲ್ಲ. ನಾಲ್ಕು ನಿಮಿಷ ಒಂದೇ ಸಮನೆ ಒಂದೇ ಪೆಟ್ಟನ್ನು ಹಾಕುವುದು ಎಷ್ಟು ಕಷ್ಟವೆಂದು ತಾಳ ಹಾಕುತ್ತ ಕೂತವರಿಗಷ್ಟೇ ಗೊತ್ತು. ಕೈ ಏನಾದರೂ ಮಾಡೋಣ ಎನ್ನುತ್ತದೆ, ಮಾಡಕೂಡದು. ಡೂ-ವಾಪ್ ಶಾಲೆಯ ಹುಡುಗ ಮಾಡಲಿಲ್ಲ. ಕೇಳಿದವರು ಇದು ಯಾವ ರೆಕಾರ್ಡಿನಿಂದ ಎತ್ತಿದ ಬೀಟ್ ಎಂದು ಹುಡುಕಿದರು.

ಹೀಗೆ ಗಡಿಯಾರದಷ್ಟು ಕರಾರುವಾಕ್ಕಾಗಿ ಬಾರಿಸುವುದೇ ಪರಮ ಸಿದ್ಧಿ ಎಂದುಕೊಂಡಿದ್ದಾಗ ಡೆಟ್ರಾಯಿಟ್ ಊರಿನ ಜೇಮ್ಸ್ ಯಾನ್ಸಿ ಎದುರಾದ. ಆಗ ಜೇ ಡೀ, ಆಮೇಲೆ ಜೆ ಡಿಲ್ಲಾ. ತೊಂಬತ್ತರ ದಶಕದ ನಡುವೆ ನಾರ್ತ್ ಕೆರೊಲಿನಾದಲ್ಲಿ ‘ಫಾರ್‌ಸೈಡ್’ ಎಂಬ ತಂಡದ ಜೊತೆ ರೂಟ್ಸ್ ಕಾರ್ಯಕ್ರಮ. ತಮ್ಮದು ಮುಗಿಸಿ ಹೊರಗೆ ಹೊರಟಿದ್ದ ಕ್ವೆಸ್ಟ್‌ಲವ್‌ಗೆ ಒಳಗಿನಿಂದ ಕಿಕ್ ಡ್ರಮ್ಮಿನ ಸದ್ದು ಕೇಳಿಸಿತು. ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿಲ್ಲ. ಕುಡಿದ ಮೂರು ವರ್ಷದ ಮಗು ಬಾರಿಸಿದ ಹಾಗಿತ್ತು ಎಂದು ಆತ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಹೋಗುವುದನ್ನು ಬಿಟ್ಟು ವಾಪಸು ಓಡಿದ. ಡಿಲ್ಲಾ ಮಾಡಿದ ಬೀಟ್ ಅದು.

ಡಿಲ್ಲಾ ಡ್ರಮ್ಮರ್ ಅಲ್ಲ. ಆಕಾಯ್ ಕಂಪನಿಯ ಎಂಪಿಸಿ ಎಂಬ ಪೆಟ್ಟಿಗೆಯ ರಬ್ಬರ್ ಗುಂಡಿಗಳ ಮೇಲೆ ಬೆರಳಲ್ಲಿ ಬೀಟ್ ಒತ್ತುವವನು. ಆ ಯಂತ್ರದಲ್ಲಿ ಒಂದು ಸೌಲಭ್ಯವಿದೆ. ಬೆರಳು ತುಸು ಮುಂಚೆ ಅಥವಾ ತಡವಾಗಿ ಬಿದ್ದರೆ ಅದನ್ನು ಎಳೆದು ಸರಿಯಾದ ಗೆರೆಯ ಮೇಲೆ ಕೂರಿಸುತ್ತದೆ. ಎಲ್ಲರೂ ಅದನ್ನು ಬಳಸುತ್ತಿದ್ದರು, ಅದಿರುವುದೇ ಅದಕ್ಕೆ. ಡಿಲ್ಲಾ ಬೇಕಾದ ಕಡೆ ಅದನ್ನು ನಂದಿಸಿದ. ಕಿಕ್ ತೂಕಡಿಸುತ್ತ ಬೀಳುತ್ತದೆ, ಸ್ನೇರ್ ಕೂದಲೆಳೆಯಷ್ಟು ಅವಸರ ಮಾಡುತ್ತದೆ, ಹೈ-ಹ್ಯಾಟ್ ತನ್ನದೇ ಲೆಕ್ಕದಲ್ಲಿ ಸಾಗುತ್ತದೆ, ಮೂರೂ ಸೇರಿದಾಗ ಹಾಡು ಬೀಳುವಂತೆ ಕಂಡೂ ಬೀಳುವುದಿಲ್ಲ. ಕರ್ನಾಟಕ ಸಂಗೀತದ ಕೇಳುಗರಿಗೆ ಅತೀತ, ಅನಾಗತ ಗೊತ್ತು. ತಾಳದ ಸಮವನ್ನು ಬಿಟ್ಟು ಅದರ ಆಚೆಗೋ ಈಚೆಗೋ ಹಾಡು ಎತ್ತಿಕೊಳ್ಳುವ ಕ್ರಮ. ಆದರೆ ಅಲ್ಲಿ ಅರ್ಧವೋ ಮುಕ್ಕಾಲೋ ಎಂಬ ಎಣಿಕೆಯಿದೆ, ಕೈಬೆರಳಿಗೆ ಸಿಗುವ ಲೆಕ್ಕವಿದೆ. ಡಿಲ್ಲಾನ ತಡಕ್ಕೆ ಎಣಿಕೆ ಇಲ್ಲ. ಕೇಳಿ ಒಗ್ಗಿಸಿಕೊಳ್ಳುವುದೊಂದೇ ದಾರಿ.

ಈಗ ವಿಪರ್ಯಾಸ ನೋಡಿ. ಮನುಷ್ಯನಾಗಿ ಹುಟ್ಟಿ ಯಂತ್ರದ ನೆಟ್ಟಗೆತನ ಸಾಧಿಸಿದ್ದ ಡ್ರಮ್ಮರ್, ಯಂತ್ರದೊಳಗಿಂದ ಬಂದ ಮನುಷ್ಯನ ವಾಲಾಟವನ್ನು ಕಲಿಯಬೇಕಾಯಿತು. ಕಲಿತ ಜಾಗ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊ, ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ್ದು. ಗಾಯಕ ಡಿಯಾಂಜೆಲೊ ಅಲ್ಲಿ ‘ವೂಡೂ’ ಆಲ್ಬಮ್ ಮಾಡುತ್ತಿದ್ದ. ದಿನಗಟ್ಟಲೆ ಹಳೆಯ ರೆಕಾರ್ಡ್ ಕೇಳುವುದು, ಅದನ್ನು ನುಡಿಸುತ್ತ ನುಡಿಸುತ್ತ ಇನ್ನೊಂದಕ್ಕೆ ಜಾರುವುದು, ಜಾರಿದ ಕಡೆ ಹೊಸ ಹಾಡು ಸಿಗುವುದು. ಹಿಂದೆ ಬೀಳು, ಇನ್ನೂ ಹಿಂದೆ ಬೀಳು ಎಂಬುದು ಡಿಯಾಂಜೆಲೊನ ಒತ್ತಾಯ. ಹೀಗೆ ಬಾರಿಸಿದರೆ ಬೇರೆ ಡ್ರಮ್ಮರುಗಳು ತನ್ನ ಬಗ್ಗೆ ಏನಂದುಕೊಂಡಾರು ಎಂಬ ಅಳುಕು ಕ್ವೆಸ್ಟ್‌ಲವ್‌ಗೆ. ಅಪ್ಪನ ತಂಡದಲ್ಲಿ ಇಷ್ಟು ತಡವಾಗಿ ಸ್ನೇರ್ ಹಾಕಿದ್ದರೆ ಅವತ್ತಿನ ಊಟ ಸಿಗುತ್ತಿರಲಿಲ್ಲವೇನೋ. 2000ದ ಜನವರಿಯಲ್ಲಿ ಆಲ್ಬಮ್ ಬಂತು. ಅವತ್ತಿನಿಂದ ಇವತ್ತಿನವರೆಗೆ ಜಾಝ್, ಸೋಲ್ ಕಲಿಯುವ ಎಳೆಯ ಡ್ರಮ್ಮರುಗಳು ಆ ತೂಗಾಟವನ್ನು ಅಭ್ಯಾಸ ಮಾಡುತ್ತಿದ್ದಾರೆ. ಡಿಲ್ಲಾ 2006ರಲ್ಲಿ, 32ಕ್ಕೇ ತೀರಿಕೊಂಡ. ಆತನ ಎಂಪಿಸಿ ಪೆಟ್ಟಿಗೆ ಈಗ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ.

ರೂಟ್ಸ್‌ಗೆ ಹೆಸರು ತಂದದ್ದು 1999ರ ‘ಥಿಂಗ್ಸ್ ಫಾಲ್ ಅಪಾರ್ಟ್’. ಚಿನುವಾ ಅಚಿಬೆಯ ಕಾದಂಬರಿಯಿಂದ ಪಡೆದ ಹೆಸರು. ಅದರಲ್ಲಿನ ‘ಯು ಗಾಟ್ ಮಿ’ ಹಾಡಿಗೆ ಗ್ರ್ಯಾಮಿ ಬಂತು. ಗ್ರ್ಯಾಮಿಗಿಂತ ಆ ಹಾಡಿನ ಕೊನೆಯ ಭಾಗ ನನಗೆ ಮುಖ್ಯ. ನಿಧಾನಕ್ಕೆ ಸಾಗುವ ಪ್ರೇಮಗೀತೆ ಮುಗಿಯಿತು ಎನ್ನುವಾಗ ಡ್ರಮ್ ಇದ್ದಕ್ಕಿದ್ದಂತೆ ಇಮ್ಮಡಿ ವೇಗಕ್ಕೆ ಜಿಗಿದು ಲಂಡನ್ ಕ್ಲಬ್ಬುಗಳ ‘ಡ್ರಮ್ ಆ್ಯಂಡ್ ಬೇಸ್’ ನಡೆಯಲ್ಲಿ ಓಡತೊಡಗುತ್ತದೆ. ಆ ಲಂಡನ್ ಸಂಗೀತ ಕಟ್ಟಿದ್ದೇ ಗ್ರೆಗರಿ ಕೋಲ್ಮನ್‌ನ ಏಳು ಸೆಕೆಂಡನ್ನು ಯಂತ್ರದಲ್ಲಿ ವೇಗ ಹೆಚ್ಚಿಸಿ, ಚೂರು ಮಾಡಿ, ಮರುಜೋಡಿಸಿ. ಮನುಷ್ಯನ ಕೈಯಿಂದ ಆಗದ ವೇಗ ಎಂಬುದೇ ಅದರ ರೋಮಾಂಚನ. ಕ್ವೆಸ್ಟ್‌ಲವ್ ಅದನ್ನು ಎರಡು ಕೋಲಿನಲ್ಲಿ ಬಾರಿಸಿಬಿಟ್ಟ.

ಡಿಜೆಯ ಕಸುಬಿಗೆ ಬರೋಣ. ಡಿಜೆ ಎಂದರೆ ಗುಂಡಿ ಒತ್ತುವವನು ಎಂದು ಮೂಗು ಮುರಿಯುವವರು ಎಲ್ಲ ಕಡೆಯೂ ಇದ್ದಾರೆ. ಎರಡು ಹಾಡುಗಳ ವೇಗವನ್ನು ನಿಮಿಷಕ್ಕೆ ಇಷ್ಟು ಬೀಟ್ ಎಂದು ಹೊಂದಿಸಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಿಸುವುದನ್ನು ಇವತ್ತು ಕಂಪ್ಯೂಟರೂ ಮಾಡುತ್ತದೆ, ನಿಜ. ಮಾಡಲಾರದ್ದು ಮುಂದಿನ ಹಾಡು ಯಾವುದು, ಅದನ್ನು ಯಾವಾಗ ಹಾಕಬೇಕು, ಯಾವಾಗ ತಡೆಹಿಡಿಯಬೇಕು ಎಂಬ ತೀರ್ಮಾನ. ಇದು ಡ್ರಮ್ಮರನ ತೀರ್ಮಾನ. ಬ್ಯಾಂಡಿನಲ್ಲಿ ಡ್ರಮ್ಮರ್ ಎಲ್ಲರ ಹಿಂದೆ ಕೂತಿರುತ್ತಾನೆ. ಗಾಯಕನ ಬೆನ್ನೂ ಜನರ ಮುಖವೂ ಒಟ್ಟಿಗೆ ಕಾಣುವುದು ಅವನಿಗೊಬ್ಬನಿಗೇ. ಹಾಡು ಎಲ್ಲಿ ಸೊರಗುತ್ತಿದೆ, ಸಭೆ ಎಲ್ಲಿ ದಣಿಯುತ್ತಿದೆ ಎಂದು ಮೊದಲು ತಿಳಿಯುವುದೂ ಅವನಿಗೇ. ಬಾಯಿ ತೆರೆಯದೆ ಅದನ್ನು ಸರಿಪಡಿಸಬೇಕಾದವನೂ ಅವನೇ. ಕ್ವೆಸ್ಟ್‌ಲವ್ ಡಿಜೆಯಾಗಿ ಜನಪ್ರಿಯನಾದದ್ದು ಕೈಚಳಕದಿಂದಲ್ಲ. ಹರ್ಕ್‌ನ ಶಿಷ್ಯಪರಂಪರೆಯಲ್ಲಿ ತಟ್ಟೆ ತಿರುಗಿಸುವ ಕೈಗಳು ಈತನಿಗಿಂತ ಚುರುಕಾದವು ನೂರಾರಿವೆ. ಈತನ ಬಂಡವಾಳ ನೆನಪು. ಎರಡು ಲಕ್ಷಕ್ಕೂ ಹೆಚ್ಚೆಂದು ಹೇಳಲಾಗುವ ರೆಕಾರ್ಡುಗಳ ಸಂಗ್ರಹ, ಯಾವ ಹಾಡಿನ ಯಾವ ತುಣುಕು ಯಾವ ರ‍್ಯಾಪ್‌ಗೆ ಹೋಯಿತೆಂಬ ವಂಶಾವಳಿ. ಮೂಲ ಹಾಡು ಹಾಕಿ, ಜನ ಗುರುತು ಹಿಡಿಯುವಷ್ಟರಲ್ಲಿ ಅದರ ಮಗನನ್ನು ತಂದು, ಮೊಮ್ಮಗನಿಗೆ ದಾಟಿಸುತ್ತಾನೆ.

ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್‌ನಲ್ಲಿ ‘ಬ್ರೂಕ್ಲಿನ್ ಬೋಲ್’ ಎಂಬ ಬೌಲಿಂಗ್ ಆಟದ ಅಂಗಳವಿದೆ. ಅಲ್ಲಿ ಗುರುವಾರದ ರಾತ್ರಿಗಳಲ್ಲಿ ಈತನ ‘ಬೋಲ್ ಟ್ರೈನ್’ ನಡೆಯುತ್ತಿತ್ತು. ಪರದೆಯ ಮೇಲೆ ‘ಸೋಲ್ ಟ್ರೈನ್’ನ ಹಳೆಯ ಚಿತ್ರಗಳು, ಇತ್ತ ತಟ್ಟೆ, ಅತ್ತ ಮರದ ಹಲಗೆಯ ಮೇಲೆ ಉರುಳುವ ಚೆಂಡುಗಳ ಗುಡುಗು. ಅಂಗಡಿ ಮುಚ್ಚುವ ತನಕ ಕುಣಿತ. 2020ರಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಮುಚ್ಚಿದಾಗ ಮನೆಯಿಂದಲೇ ಗಂಟೆಗಟ್ಟಲೆ ರೆಕಾರ್ಡ್ ಹಾಕಿ ಅಂತರ್ಜಾಲದಲ್ಲಿ ಬಿತ್ತರಿಸಿದ. ಎದುರಿಗೆ ಮುಖಗಳಿಲ್ಲದ ಡಿಜೆಗಿರಿ ಹೇಗಿದ್ದೀತೋ!

ಎಲ್ಲ ಮುಖಗಳೂ ಒಲಿಯುತ್ತವೆ ಎಂದಲ್ಲ. ಹುಡುಗನಾಗಿದ್ದಾಗ ಯಾರ ತಟ್ಟೆಗಾಗಿ ಅಪ್ಪನಿಂದ ಬೈಸಿಕೊಂಡಿದ್ದನೋ ಅದೇ ಪ್ರಿನ್ಸ್ ಒಮ್ಮೆ ತನ್ನ ಪಾರ್ಟಿಗೆ ಡಿಜೆಯಾಗಿ ಕರೆಸಿಕೊಂಡ. ಆಯ್ದು ತಂದ ರೆಕಾರ್ಡುಗಳನ್ನು ಹಾಕುತ್ತಿದ್ದಂತೆ ಪ್ರಿನ್ಸ್ ಬಂದು ಕೈಗೊಂದು ಡಿವಿಡಿ ಕೊಟ್ಟು ಇದನ್ನು ಹಾಕು ಎಂದನಂತೆ. ಪರದೆ ಇಳಿಯಿತು. ಬಂದದ್ದು ‘ಫೈಂಡಿಂಗ್ ನೀಮೊ’, ಮಕ್ಕಳ ಕಾರ್ಟೂನ್ ಚಿತ್ರ. ಹಾಡು ಬೇಡ, ಮೀನು ನೋಡೋಣ ಎಂದಾಯಿತು. ಡಿಜೆಯ ಕೆಲಸ ಅಲ್ಲಿಗೆ ಖತಂ. ಈ ಕಥೆಯನ್ನು ಕ್ವೆಸ್ಟ್‌ಲವ್ ಹೋದಲ್ಲೆಲ್ಲ ತಾನೇ ಹೇಳಿ ನಗಿಸುತ್ತಾನೆ.

2009ರಿಂದ ರೂಟ್ಸ್ ಜಿಮ್ಮಿ ಫ್ಯಾಲನ್‌ನ ರಾತ್ರಿಯ ಟಿವಿ ಕಾರ್ಯಕ್ರಮದ ಖಾಯಂ ತಂಡ. 2014ರಿಂದ ಅದು ‘ಟುನೈಟ್ ಶೋ’. ಬೀದಿಯಿಂದ ಬಂದವರು ದಿನದ ಸಂಬಳಕ್ಕೆ ಕೂತರಲ್ಲ ಎಂದು ಹಳೆಯ ಅಭಿಮಾನಿಗಳು ಗೊಣಗಿದರು. ಅಲ್ಲಿಯೂ ಆತ ಮಾಡುವುದು ಅರ್ಧ ಡಿಜೆಯ ಕೆಲಸ. ಅತಿಥಿ ಪರದೆ ಸರಿಸಿ ಬಂದು ಕುರ್ಚಿ ಸೇರುವ ಆ ಹದಿನೈದು ಸೆಕೆಂಡಿಗೆ ಯಾವ ಹಾಡು? ಬಲ್ಲವರಿಗೆ ಅದರಲ್ಲೊಂದು ಚೇಷ್ಟೆ ಇರುತ್ತದೆ. 2011ರಲ್ಲಿ ರಾಜಕಾರಣಿ ಮಿಷೆಲ್ ಬಾಕ್‌ಮನ್ ಬಂದಾಗ ಆಯ್ದ ಹಾಡಿನ ಶೀರ್ಷಿಕೆ ಇಲ್ಲಿ ಬರೆಯುವಂಥದ್ದಲ್ಲ. ಮಾತಿಲ್ಲದೆ ನುಡಿಸಿದ್ದರೂ ಹಾಡು ಗೊತ್ತಿದ್ದವರು ಹಿಡಿದುಬಿಟ್ಟರು. ವಾಹಿನಿ ಕ್ಷಮೆ ಕೇಳಬೇಕಾಯಿತು.

ಇನ್ನು ಸಿನಿಮಾ. ಆತ ನಿರ್ದೇಶಿಸಿದ ಮೊದಲ ಚಿತ್ರ ‘ಸಮ್ಮರ್ ಆಫ್ ಸೋಲ್’. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಉದ್ಯಾನವೊಂದರಲ್ಲಿ ಆರು ಭಾನುವಾರ ಸಂಗೀತೋತ್ಸವ ನಡೆದಿತ್ತು. ನೀನಾ ಸಿಮೋನ್, ಬಿ.ಬಿ. ಕಿಂಗ್, ಮಹಾಲಿಯಾ ಜಾಕ್ಸನ್, ಸ್ಲೈ ಸ್ಟೋನ್ ಎಲ್ಲರೂ ಬಂದಿದ್ದರು. ಹಾಲ್ ಟಲ್‌ಚಿನ್ ಎಂಬವರು ಸುಮಾರು 40 ಗಂಟೆ ಚಿತ್ರೀಕರಿಸಿದರು. ಅದೇ ಬೇಸಿಗೆಯ ವುಡ್‌ಸ್ಟಾಕ್ ಪುರಾಣವಾಯಿತು, ಕಪ್ಪು ಜನರ ಈ ಉತ್ಸವವನ್ನು ಕೊಳ್ಳುವವರು ಸಿಗಲಿಲ್ಲ. ಟೇಪುಗಳು ಐವತ್ತು ವರ್ಷ ನೆಲಮಾಳಿಗೆಯಲ್ಲಿ ಉಳಿದವು. ತಮಾಷೆ ಎಂದರೆ, 1997ರಲ್ಲೇ ಟೋಕಿಯೊದ ಹೋಟೆಲೊಂದರಲ್ಲಿ ಊಟ ಮಾಡುವಾಗ ಅದರ ಎರಡು ನಿಮಿಷದ ತುಣುಕನ್ನು ಕ್ವೆಸ್ಟ್‌ಲವ್ ಪರದೆಯ ಮೇಲೆ ನೋಡಿದ್ದ. ಏನೆಂದು ಗೊತ್ತಿರಲಿಲ್ಲ. ನಲವತ್ತು ಗಂಟೆಯ ರಾಶಿ ಕೈಗೆ ಬಂದಾಗ ಸಿನಿಮಾದವರು ಮಾಡುವಂತೆ ಆತ ಪಟ್ಟಿ ಮಾಡಲಿಲ್ಲ, ಚಿತ್ರಕಥೆ ಬರೆಯಲಿಲ್ಲ. ಮನೆಯಲ್ಲಿ ಪರದೆಗಳ ಮೇಲೆ ಅದನ್ನು ಹಗಲೂ ರಾತ್ರಿ ಲೂಪ್‌ನಲ್ಲಿ ಓಡಬಿಟ್ಟ, ಐದು ತಿಂಗಳು. ಓಡಾಡುತ್ತ, ಉಣ್ಣುತ್ತ, ಮಲಗುತ್ತ ಕಿವಿ ಅತ್ತ. ಎಲ್ಲಿ ಮೈ ಜುಮ್ಮೆಂದಿತೋ ಅದನ್ನು ಮಾತ್ರ ಬರೆದಿಟ್ಟುಕೊಂಡ. ಬ್ರೇಕ್ ಹುಡುಕುವ ಡಿಜೆಯ ಕ್ರಮವೇ ಇದು. ಚಿತ್ರ ಶುರುವಾಗುವುದು ಹಾಡಿನಿಂದಲ್ಲ. ಹತ್ತೊಂಬತ್ತರ ಸ್ಟೀವಿ ವಂಡರ್ ಕೀಲಿಮಣೆ ಬಿಟ್ಟು ಡ್ರಮ್ ಹಿಂದೆ ಕೂತು ಬಾರಿಸುತ್ತಾರೆ. ಇಡೀ ರಾಶಿಯಲ್ಲಿ ಮೊದಲ ತಟ್ಟೆಯಾಗಿ ಒಬ್ಬ ಡ್ರಮ್ಮರ್ ಆರಿಸುವುದು ಇದನ್ನೇ.

2022ರ ಮಾರ್ಚ್ 27ರಂದು ಅದಕ್ಕೆ ಆಸ್ಕರ್ ಬಂತು. ಪ್ರಶಸ್ತಿ ಘೋಷಿಸಲು ವೇದಿಕೆಗೆ ಬಂದವನು ಹಾಸ್ಯಗಾರ ಕ್ರಿಸ್ ರಾಕ್. ಹೌದು, ಅದೇ ಹೊತ್ತು. ಪಶ್ಚಿಮ ಫಿಲಡೆಲ್ಫಿಯಾದ ನಟ ವಿಲ್ ಸ್ಮಿತ್ ಎದ್ದು ಹೋಗಿ ರಾಕ್‌ನ ಕೆನ್ನೆಗೆ ಬಾರಿಸಿದ, ಅದರ ಬೆನ್ನಿಗೇ ಪಶ್ಚಿಮ ಫಿಲಡೆಲ್ಫಿಯಾದ ಅಹ್ಮೀರ್ ಥಾಮ್ಸನ್ ಹೆಸರನ್ನು ಕರೆದರು. ಮರುದಿನದ ಪತ್ರಿಕೆಗಳಲ್ಲಿ ಯಾವ ಪೆಟ್ಟಿನ ಸುದ್ದಿ ಇತ್ತೆಂದು ಹೇಳಬೇಕಿಲ್ಲ.

2025ರಲ್ಲಿ ಆತನ ಇನ್ನೊಂದು ಚಿತ್ರ ಬಂತು, ಸ್ಲೈ ಸ್ಟೋನ್ ಕುರಿತ ‘ಸ್ಲೈ ಲಿವ್ಸ್’. ಹಾರ್ಲೆಮ್ ಉತ್ಸವದಲ್ಲಿ ಮಿಂಚಿದ, ಟೋಕಿಯೊದ ಆ ಎರಡು ನಿಮಿಷದಲ್ಲಿದ್ದ ಸ್ಲೈ. ಆತ ಹೊರಟದ್ದು ಎದುರು ದಿಕ್ಕಿನಿಂದ. ಮೊದಲು ಸ್ಯಾನ್ ಫ್ರಾನ್ಸಿಸ್ಕೊ ರೇಡಿಯೊದಲ್ಲಿ ಡಿಜೆ, ಆಮೇಲೆ ಬ್ಯಾಂಡು. 1971ರಲ್ಲಿ, ಅಹ್ಮೀರ್ ಹುಟ್ಟಿದ ವರ್ಷ, ಸ್ಲೈಯ ಡ್ರಮ್ಮರ್ ತಂಡ ಬಿಟ್ಟು ಹೋದ. ಸ್ಲೈ ಬಹುಪಾಲು ಹಾಡುಗಳಿಗೆ ‘ರಿದಮ್ ಕಿಂಗ್’ ಎಂಬ ತಾಳದ ಪೆಟ್ಟಿಗೆಯನ್ನು ಕೂರಿಸಿಕೊಂಡು ‘ದೇರ್ಸ್ ಎ ರಯಟ್ ಗೋಯಿನ್ ಆನ್’ ಮಾಡಿದ. ಅದರಲ್ಲಿನ ‘ಫ್ಯಾಮಿಲಿ ಅಫೇರ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಯಂತ್ರದ ತಾಳದ ಮೇಲೆ ಅಷ್ಟೆತ್ತರಕ್ಕೆ ಏರಿದ ಮೊದಮೊದಲ ಹಾಡುಗಳಲ್ಲಿ ಅದೊಂದು. ಚಿತ್ರ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, ಜೂನ್ 9ರಂದು, ಸ್ಲೈ ತೀರಿಕೊಂಡ. ಆ ಪೆಟ್ಟಿಗೆಯ ತೊದಲು ತಾಳವನ್ನು ಎಷ್ಟೋ ಫಂಕ್ ಡ್ರಮ್ಮರುಗಳು ಕಲಿಯದೆ ಬಿಟ್ಟಿಲ್ಲ, ಕ್ವೆಸ್ಟ್‌ಲವ್ ಅಂತೂ ಬಿಟ್ಟಿಲ್ಲ.